ಊರು ಬಿಟ್ಟವನಿಗೆ ಊರ ಹೆಸರು

ಮೊಬೈಲಿನಲ್ಲಿ ಕಾಡುಪ್ರಾಣಿಗಳ ವಿಡಿಯೊ ನೋಡುವ ಅಭ್ಯಾಸ ಇದ್ದವರಿಗೆ ಒಬ್ಬ ಇಂಗ್ಲಿಷ್ ಅಜ್ಜನ ದನಿ ಗೊತ್ತಿರುತ್ತದೆ. ಎಲ್ಲಿ ಹುಲಿಗೆ ಕೇಳಿಸಿಬಿಡುತ್ತದೋ ಎನ್ನುವ ಹಾಗೆ ಮೆಲ್ಲಗೆ ಮಾತಾಡುತ್ತಾರೆ. ಹೆಸರು ಡೇವಿಡ್ ಅಟೆನ್‌ಬರೋ. ನಮ್ಮ ರಾಜ್ಯದ ಕಾಡುಗಳ ಬಗ್ಗೆ ಬಂದ 'ವೈಲ್ಡ್ ಕರ್ನಾಟಕ' ಚಿತ್ರಕ್ಕೆ ಇಂಗ್ಲಿಷಿನಲ್ಲಿ ದನಿ ಕೊಟ್ಟವರು ಇವರೇ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಅದೇ ಚಿತ್ರಕ್ಕೆ ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟಿದ್ದಾರೆ.

ಇವರ ಅಣ್ಣ ರಿಚರ್ಡ್ ಅಟೆನ್‌ಬರೋ. 1982ರ 'ಗಾಂಧಿ' ಸಿನಿಮಾ ಮಾಡಿದವರು. ಎಂಟು ಆಸ್ಕರ್ ಬಂದ ಸಿನಿಮಾ. ಅಕ್ಟೋಬರ್ 2ಕ್ಕೆ ಟಿವಿಯಲ್ಲಿ ನೀವೂ ನೋಡಿರಬಹುದು.

ಅಣ್ಣ ತಮ್ಮ ಇಬ್ಬರೂ ಜಗತ್ತಿಗೆಲ್ಲ ಗೊತ್ತು. ಆದರೆ ಅವರ ಅಡ್ಡಹೆಸರು ಇಂಗ್ಲೆಂಡಿನಲ್ಲೇ ಅಪರೂಪ. ಅಲ್ಲಿ ಸ್ಮಿತ್ ಎನ್ನುವವರು ಓಣಿಗೊಬ್ಬರು ಸಿಗುತ್ತಾರೆ. ಅಟೆನ್‌ಬರೋ ಎನ್ನುವವರನ್ನು ಹುಡುಕಬೇಕು.

ಬಾಗಲಕೋಟೆ ಜಿಲ್ಲೆಯಲ್ಲಿ ಅಪಘಾತ, ಬೆಳೆಹಾನಿ, ಗ್ರಾಮಸಭೆ ಅಂತ ವರದಿ ಮಾಡಿಕೊಂಡಿರುವ ನನಗೆ ಈ ಹೆಸರಿನ ಉಸಾಬರಿ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಕಾರಣ ಇದೆ. ನಮ್ಮ ಮನೆಯಲ್ಲೇ ಅಡ್ಡಹೆಸರಿನ ಜಗಳ ತಿಂಗಳುಗಟ್ಟಲೆ ನಡೆಯಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಊರಿಗೆ ಹೋಗಿಬರೋಣ.

ಇಂಗ್ಲೆಂಡಿನ ನಡುಭಾಗದಲ್ಲಿ ನಾಟಿಂಗ್‌ಹ್ಯಾಮ್ ಎಂಬ ದೊಡ್ಡ ಊರಿದೆ. ಅದರ ಹತ್ತಿರ, ಟ್ರೆಂಟ್ ನದಿಯ ದಂಡೆಗೆ ಒಂದು ಹಳ್ಳಿ. ಹಳೇ ಕಲ್ಲಿನ ಚರ್ಚು, ಒಂದು ರೈಲು ನಿಲ್ದಾಣ. ಆ ಹಳ್ಳಿಯ ಹೆಸರೇ ಅಟೆನ್‌ಬರೋ.

ಹಳೇ ಇಂಗ್ಲಿಷಿನಲ್ಲಿ 'ಬುರ್ಹ್' ಎಂದರೆ ಕೋಟೆ, ಕಾವಲು ಕಟ್ಟಿದ ಜಾಗ. ಅದೇ ಸವೆದು 'ಬರೋ' ಆಗಿದೆ. ನಮ್ಮಲ್ಲಿ ಬಾಗಲಕೋಟೆ, ಎಚ್.ಡಿ. ಕೋಟೆ ಇದ್ದ ಹಾಗೆ ಅಲ್ಲಿ ಪೀಟರ್‌ಬರೋ, ಸ್ಕಾರ್‌ಬರೋ ಎಂಬ ಊರುಗಳಿವೆ. 12ನೇ ಶತಮಾನದ ಬರಹದಲ್ಲಿ ಅಟೆನ್‌ಬರೋ ಹೆಸರಿನ ನಡುವೆ 'ಟ' ಇಲ್ಲ, 'ಡ' ಇದೆ. ಅದನ್ನು ಹಿಡಿದು ಊರ ಹೆಸರುಗಳನ್ನು ಓದಿದ ಪಂಡಿತರು, ಇದು 'ಅಡ್ಡ' ಎಂಬ ಮನುಷ್ಯನ ಕೋಟೆ ಎಂದು ಅರ್ಥ ಬಿಡಿಸುತ್ತಾರೆ. ಆ ಅಡ್ಡನಿಗೂ ನಮ್ಮ ಅಡ್ಡಹೆಸರಿಗೂ ಸಂಬಂಧ ಇಲ್ಲ. ಕೇಳಲಿಕ್ಕೆ ಮಜಾ ಅನಿಸಿತು, ಅಷ್ಟೇ.

ಹಾಗಾದರೆ ಊರಿನ ಹೆಸರು ಮನುಷ್ಯರಿಗೆ ಹೇಗೆ ಅಂಟಿತು?

ಸುಮಾರು ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನ ಸಾಮಾನ್ಯ ಜನಕ್ಕೆ ಅಡ್ಡಹೆಸರೇ ಇರಲಿಲ್ಲ. ಒಬ್ಬನಿಗೆ ಒಂದೇ ಹೆಸರು. 1066ರಲ್ಲಿ ನಾರ್ಮನ್ನರು ಆ ದೇಶ ಗೆದ್ದರು. ಅವರ ಜೊತೆ ಬಂದ ವಿಲಿಯಂ, ರಾಬರ್ಟ್‌ನಂಥ ಹೆಸರುಗಳು ಮನೆಮನೆಗೂ ಹಬ್ಬಿದವು. ಒಂದೇ ಊರಿನಲ್ಲಿ ಐದಾರು ವಿಲಿಯಂ ಆದಾಗ ಯಾರ ಹೊಲ ಯಾವುದು, ಯಾರ ತೆರಿಗೆ ಬಾಕಿ ಎಂದು ಗುರುತಿಸುವುದು ಕಷ್ಟವಾಯಿತು. ಲೆಕ್ಕ ಬರೆಯುವವರು ಹೆಸರಿನ ಪಕ್ಕ ಒಂದು ಗುರುತು ಸೇರಿಸತೊಡಗಿದರು. ಕಮ್ಮಾರನಾದರೆ ಸ್ಮಿತ್. ಜಾನ್‌ನ ಮಗನಾದರೆ ಜಾನ್ಸನ್. ಗಿಡ್ಡ ಇದ್ದವನಿಗೆ ಶಾರ್ಟ್. ಬೇರೆ ಊರಿಂದ ಬಂದವನಾದರೆ ಆ ಊರಿನ ಹೆಸರು. ಸುಮಾರು 1400ರ ಹೊತ್ತಿಗೆ ಬಹುಪಾಲು ಮನೆಗಳಲ್ಲಿ ಈ ಗುರುತು ಅಪ್ಪನಿಂದ ಮಗನಿಗೆ ಇಳಿದು ಬರತೊಡಗಿತ್ತು.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಅಟೆನ್‌ಬರೋ ಊರೊಳಗೆ ಇರುವವನನ್ನು ಯಾರೂ 'ಅಟೆನ್‌ಬರೋದ ವಿಲಿಯಂ' ಎಂದು ಕರೆಯಬೇಕಾಗಿಲ್ಲ. ಅಲ್ಲಿರುವ ಎಲ್ಲರೂ ಅಟೆನ್‌ಬರೋದವರೇ. ಆ ಗುರುತು ಕೆಲಸಕ್ಕೆ ಬರುವುದು ಅವನು ಇನ್ನೊಂದು ಊರಿಗೆ ಹೋಗಿ ನಿಂತಾಗ. ಅಂದರೆ ಊರಿನ ಹೆಸರು ಸಿಕ್ಕಿದ್ದು ಊರು ಬಿಟ್ಟವನಿಗೆ. ಅದನ್ನು ಇಟ್ಟವರು ಹೊಸ ಊರಿನ ಜನ.

ಬಿಟ್ಟವರು ದೂರವೇನೂ ಹೋಗಲಿಲ್ಲ. 1881ರ ಬ್ರಿಟಿಷ್ ಜನಗಣತಿಯ ಹೆಸರುಗಳನ್ನು ನಕಾಶೆಯ ಮೇಲೆ ಇಟ್ಟು ನೋಡಿದರೆ ಅಟೆನ್‌ಬರೋಗಳು ನಾಟಿಂಗ್‌ಹ್ಯಾಮ್‌ಶೈರ್ ಮತ್ತು ಪಕ್ಕದ ಡಾರ್ಬಿಶೈರ್‌ನಲ್ಲಿ ಗುಂಪಾಗಿ ಕಾಣುತ್ತಾರೆ. ಕೆಲವರು ಲಂಡನ್ ಸೇರಿದರು. 19ನೇ ಶತಮಾನದ ಲಂಡನ್ನಿನಲ್ಲಿ ಅಟೆನ್‌ಬರೋ ಎಂದರೆ ಗಿರವಿ ಅಂಗಡಿಯವರು ಎಂಬಷ್ಟು ಆ ಮನೆತನದ ಅಂಗಡಿಗಳು ಹೆಸರು ಮಾಡಿದ್ದವು.

ಡೇವಿಡ್ ಅವರ ತಂದೆ ಫ್ರೆಡರಿಕ್ ಅಟೆನ್‌ಬರೋ ಹುಟ್ಟಿದ್ದು 1887ರಲ್ಲಿ, ಸ್ಟೇಪಲ್‌ಫರ್ಡ್ ಎಂಬ ಊರಲ್ಲಿ. ಬ್ರೆಡ್ ಮಾಡುವ ಬೇಕರಿಯವನ ಮಗ. ಸ್ಟೇಪಲ್‌ಫರ್ಡ್‌ನಿಂದ ಅಟೆನ್‌ಬರೋ ಹಳ್ಳಿಗೆ ನಾಲ್ಕೈದು ಕಿಲೋಮೀಟರ್. ಐದು ನೂರು ವರ್ಷಕ್ಕೂ ಹೆಚ್ಚು ಹಳೆಯ ಹೆಸರು, ತನ್ನ ಮೂಲ ಊರಿಂದ ನಡೆದೇ ಹೋಗುವಷ್ಟು ದೂರದಲ್ಲಿ ಇನ್ನೂ ಬದುಕಿತ್ತು!

ಆ ಬೇಕರಿ ಹುಡುಗ ಕೇಂಬ್ರಿಡ್ಜ್‌ನಲ್ಲಿ ಓದಿ ಹಳೇ ಇಂಗ್ಲಿಷಿನ ವಿದ್ವಾಂಸನಾದ. ಮೊಟ್ಟಮೊದಲ ಇಂಗ್ಲಿಷ್ ರಾಜರ ಕಾನೂನುಗಳನ್ನು ಸಂಪಾದಿಸಿ 1922ರಲ್ಲಿ ಪುಸ್ತಕ ತಂದ. ತನ್ನ ಅಡ್ಡಹೆಸರಿನಲ್ಲಿ ಉಳಿದುಕೊಂಡಿದ್ದ ಆ ಹಳೇ ಭಾಷೆಯನ್ನೇ ಓದಿದ ಹಾಗಾಯಿತು. 1932ರಲ್ಲಿ ಲೆಸ್ಟರ್ ಎಂಬ ಊರಿನ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. 1951ರವರೆಗೆ ಅಲ್ಲೇ ಇದ್ದರು. ರಿಚರ್ಡ್, ಡೇವಿಡ್ ಬೆಳೆದದ್ದು ಆ ಕಾಲೇಜಿನ ಆವರಣದಲ್ಲಿ.

ಮುಂದಿನದು ಕೇಳಿ. ಫ್ರೆಡರಿಕ್ ಪ್ರಿನ್ಸಿಪಾಲರಾಗಿದ್ದಾಗಲೇ, 1948ರಲ್ಲಿ, ಆ ಕಾಲೇಜಿನಲ್ಲಿ ಸ್ಥಳೀಯ ಇತಿಹಾಸಕ್ಕೆಂದೇ ಒಂದು ವಿಭಾಗ ಶುರುವಾಯಿತು. ಹಳ್ಳಿ, ಹೊಲ, ಬೇಲಿ, ದಾರಿ ಇವುಗಳ ಚರಿತ್ರೆ ಬರೆಯುವ ವಿಭಾಗ. ಮುಂದೆ ಕಾಲೇಜು ವಿಶ್ವವಿದ್ಯಾಲಯವಾಯಿತು. 1965ರಲ್ಲಿ ಅದೇ ವಿಭಾಗದಲ್ಲಿ ಇಂಗ್ಲೆಂಡಿನ ಅಡ್ಡಹೆಸರುಗಳ ಸಮೀಕ್ಷೆ ಹುಟ್ಟಿಕೊಂಡಿತು. ಡಿಎನ್ಎ ಬೆರಳಚ್ಚು ಎನ್ನುತ್ತಾರಲ್ಲ, ಅದನ್ನು 1984ರಲ್ಲಿ ಅಲೆಕ್ ಜೆಫ್ರಿಸ್ ಕಂಡುಹಿಡಿದದ್ದೂ ಲೆಸ್ಟರ್‌ನಲ್ಲೇ. ಈಗ ನಮ್ಮ ಪೊಲೀಸರೂ ಅದನ್ನು ಬಳಸುತ್ತಾರೆ.

ಈ ಎರಡೂ ಕೆಲಸಗಳನ್ನು ಒಂದುಗೂಡಿಸಿದವರು ಅದೇ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್. ಗಂಡಸರ ಮೈಯಲ್ಲಿ ವೈ ಕ್ರೋಮೋಸೋಮ್ ಎಂಬುದಿದೆ. ಅದು ಅಪ್ಪನಿಂದ ಮಗನಿಗೆ ಮಾತ್ರ ಬರುತ್ತದೆ, ಥೇಟ್ ಅಡ್ಡಹೆಸರಿನ ಹಾಗೆ. ಹಾಗಾದರೆ ಒಂದೇ ಅಡ್ಡಹೆಸರಿನವರು ಒಬ್ಬನೇ ಮೂಲಪುರುಷನ ಮಕ್ಕಳೋ? ಇವರು 40 ಅಡ್ಡಹೆಸರಿನ 1,600ಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷೆ ಮಾಡಿ 2009ರಲ್ಲಿ ಉತ್ತರ ಬರೆದರು.

ಸ್ಮಿತ್‌ಗಳಲ್ಲಿ ಅಂಥ ನಂಟು ಕಾಣಲಿಲ್ಲ. ಅದು ಸಹಜ. ಊರಿಗೊಬ್ಬ ಕಮ್ಮಾರ ಇದ್ದೇ ಇರುತ್ತಾನೆ. ಒಂದೊಂದು ಊರಲ್ಲೂ ಆ ಹೆಸರು ಬೇರೆ ಬೇರೆಯಾಗಿ ಹುಟ್ಟಿದೆ. ಅಟೆನ್‌ಬರೋಗಳ ಕಥೆ ಬೇರೆಯಾಗಿತ್ತು. ಪರೀಕ್ಷೆಗೆ ಬಂದವರಲ್ಲಿ ಬಹುಪಾಲು ಜನರ ವೈ ಕ್ರೋಮೋಸೋಮ್ ಒಂದೇ ನಮೂನೆ. ಅದೂ ಬ್ರಿಟನ್ನಿನಲ್ಲಿ ವಿರಳವಾದ ನಮೂನೆ. ಅವರು ಹೆಚ್ಚುಕಡಿಮೆ ಒಬ್ಬ ಅಜ್ಜನ ಸಂತಾನ.

ಆ ಹಳ್ಳಿ ಬಿಟ್ಟವರು ಬೇರೆಯವರೂ ಇದ್ದಿರಬಹುದು. ಆದರೆ ಗಂಡುಮಕ್ಕಳು ಹುಟ್ಟದ ಮನೆಯಲ್ಲಿ ಹೆಸರು ಅಲ್ಲಿಗೇ ಮುಗಿಯುತ್ತದೆ. ನಾಲ್ಕು ಗಂಡುಮಕ್ಕಳಾದ ಮನೆಯಲ್ಲಿ ನಾಲ್ಕು ಕವಲಾಗುತ್ತದೆ. ಅಡ್ಡಹೆಸರು ಹೀಗೆ ಅಳಿಯುವ ಲೆಕ್ಕವನ್ನು ಇಂಗ್ಲೆಂಡಿನ ಗಾಲ್ಟನ್ ಮತ್ತು ವಾಟ್ಸನ್ 1870ರ ದಶಕದಲ್ಲೇ ಹಾಕಿದ್ದರು. ಊರು ಸಣ್ಣದು, ಬಿಟ್ಟವರು ಕೆಲವರು, ಉಳಿದ ಬಳ್ಳಿ ಒಂದೋ ಎರಡೋ. ಹೆಸರು ಅಪರೂಪವಾಗುವುದು ಹೀಗೆ.

ಈ ಲೆಕ್ಕದಲ್ಲಿ ಹೆಣ್ಣುಮಕ್ಕಳು ಎಲ್ಲಿಯೂ ಕಾಣುವುದಿಲ್ಲ. ಅಲ್ಲಿಯೂ ಮದುವೆಯಾದ ಹೆಣ್ಣು ಗಂಡನ ಹೆಸರು ಹಚ್ಚಿಕೊಂಡಳು. ಅಡ್ಡಹೆಸರು ಹೇಳುವುದು ಮನೆತನದ ಅರ್ಧ ಕಥೆ ಮಾತ್ರ.

ಅಟೆನ್‌ಬರೋ ಹಳ್ಳಿಗೆ ಮತ್ತೊಮ್ಮೆ ಬರೋಣ. 1929ರಿಂದ ಅಲ್ಲಿ ನದಿ ಪಕ್ಕದ ನೆಲ ಅಗೆದು ಜಲ್ಲಿ, ಮರಳು ತೆಗೆದರು. ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾದವು. ಹಕ್ಕಿಗಳು ಬಂದವು. 1966ರಲ್ಲಿ ಅದನ್ನು ಪಕ್ಷಿ-ಪ್ರಾಣಿಗಳ ರಕ್ಷಿತ ತಾಣ ಮಾಡಿದರು. ಉದ್ಘಾಟನೆಗೆ ಬಂದವರು ಡೇವಿಡ್ ಅಟೆನ್‌ಬರೋ. ಯಾವುದೋ ಕಾಲದಲ್ಲಿ ಊರು ಬಿಟ್ಟವನ ಹೆಸರು ಹೊತ್ತವರು ಅದೇ ಊರಿನ ನೀರಿನ ದಂಡೆಗೆ ಅತಿಥಿಯಾಗಿ ನಿಂತರು.

ಇದನ್ನು ಓದಿದಾಗ ನನಗೆ ನಮ್ಮ ನೀರು ನೆನಪಾಯಿತು. ಮನೆಯ ಜಗಳದ ಕಥೆ ಇಲ್ಲಿಂದ ಶುರು.

ನಮ್ಮ ಹಳೇ ಊರು ಕೃಷ್ಣಾ ದಂಡೆಗಿತ್ತು. ಆಲಮಟ್ಟಿ ಹಿನ್ನೀರು ಬಂದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಊರು ಮುಳುಗಿತು, ನಾವು ಪುನರ್ವಸತಿ ಕೇಂದ್ರಕ್ಕೆ ಬಂದೆವು. ಹಳೇ ಊರಲ್ಲಿ ನಮ್ಮನ್ನು ಕಸುಬಿನ ಹೆಸರಿನಿಂದ ಕರೆಯುತ್ತಿದ್ದರು. ಉತಾರದಲ್ಲೂ ಅದೇ ಇತ್ತು. ಹೊಸ ಜಾಗದಲ್ಲಿ ಮೂರು ಊರಿನ ಜನ ಕೂಡಿದ್ದರಿಂದ ಅದೇ ಕಸುಬಿನವರು ಮೂರು ಕಡೆಯವರಿದ್ದರು. ಗುರುತು ಸಾಲಲಿಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಮುಂದೆ ಊರ ಹೆಸರು ಬಿತ್ತು. ಶಾಲೆಯ ಹಾಜರಿಯಲ್ಲಿ ನನಗೂ ಅದೇ ಬಿತ್ತು.

ಅಜ್ಜ ಹೇಳುತ್ತಿದ್ದ: "ಊರಾಗ ಇದ್ದಾಗ ಯಾರೂ ಊರ ಹೆಸರು ಹಚ್ಚಲಿಲ್ಲ ತಮ್ಮಾ. ಊರು ಹೋದ ಮ್ಯಾಲ ಹಚ್ಚಿದ್ರು."

ಇಂಗ್ಲೆಂಡಿನ ಏಳೆಂಟು ನೂರು ವರ್ಷದ ಹಿಂದಿನ ಕಥೆ ನಮ್ಮ ಮನೆಯಲ್ಲಿ ನನ್ನ ಕಣ್ಣೆದುರೇ ನಡೆದಿತ್ತು. ಅಜ್ಜ ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ. ನಮ್ಮ ಊರ ಹೆಸರು ಇಲ್ಲಿ ಬರೆದರೆ ಮನೆಯವರೆಲ್ಲರ ಹೆಸರು ಬರೆದಂತೆ. ಅದಕ್ಕೆ ಬಿಟ್ಟಿದ್ದೇನೆ.

ತೊಂದರೆ ಆಮೇಲೆ ಬಂತು. ಅಪ್ಪನ ಕಾಗದದಲ್ಲಿ ಒಂದು ಹೆಸರು, ನನ್ನ ಕಾಗದದಲ್ಲಿ ಇನ್ನೊಂದು. ಒಂದು ಕಚೇರಿಯಲ್ಲಿ "ಇವರು ನಿಮ್ಮ ತಂದೆ ಅನ್ನೋದಕ್ಕೆ ಪುರಾವೆ ಏನು?" ಎಂದು ಕೇಳಿದರು. ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ಅಫಿಡವಿಟ್ ಮಾಡಿಸಿ ಮಾಡಿಸಿ ಸಾಕಾಗಿದೆ.

ಹೋದ ವರ್ಷ ಮಗಳನ್ನು ಶಾಲೆಗೆ ಸೇರಿಸಬೇಕಾಯಿತು. ಅರ್ಜಿಯಲ್ಲಿ ಅಡ್ಡಹೆಸರಿಗೆ ಒಂದು ಖಾನೆ.

ಅಪ್ಪ ಹೇಳಿದರು: "ಉತಾರದಾಗ ಇದ್ದದ್ದ ಹಚ್ಚು. ನಾಳೆ ಪರಿಹಾರದ ಕಾಗದಕ್ಕ ತೊಂದರೆ ಆಗಬಾರದು." ಅವರ ಮಾತು ಸುಳ್ಳಲ್ಲ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ವರ್ಷಗಳಿಂದ ಇದೆ. ಮುಳುಗಡೆಗೆ ಹೆಸರು ಎಷ್ಟು ಮುಖ್ಯ ಎಂದು ಒಮ್ಮೆ ಮುಳುಗಿದವರಿಗೆ ಗೊತ್ತು.

ಹೆಂಡತಿ ಕೇಳಿದಳು: "ನನ್ನ ತವರಿನ ಹೆಸರು ಒಬ್ಬರೂ ಕೇಳಲಿಲ್ಲಲ್ಲ?" ಅದಕ್ಕೆ ನಮ್ಮ ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ನನ್ನ ಚಿಂತೆ ಬೇರೆ ಇತ್ತು. ವರದಿಗೆ ಹೋದಲ್ಲಿ ಹೆಸರು ಹೇಳಿದ ಕೂಡಲೇ "ಅಡ್ಡಹೆಸರು ಏನ್ರಿ?" ಎನ್ನುತ್ತಾರೆ. ಅದು ಜಾತಿ ಕೇಳುವ ದಾರಿ ಎಂದು ಕೇಳುವವರಿಗೂ ಹೇಳುವವರಿಗೂ ಗೊತ್ತಿರುತ್ತದೆ. ಕಸುಬಿನ ಹೆಸರು ಹೇಳಿದರೆ ಕುರ್ಚಿ ಕೊಡಬೇಕೋ ಬೇಡವೋ ಎಂದು ಅಲ್ಲೇ ಅಳೆಯುವವರಿದ್ದಾರೆ. ಊರ ಹೆಸರು ಹೇಳಿದರೆ "ಅದು ಎಲ್ಲಿ ಬರ್ತದ್ರಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದು ನನಗೆ ಇಷ್ಟ. ನನ್ನ ಮಗಳಿಗೂ ಅದೇ ಪ್ರಶ್ನೆ ಬರಲಿ ಎಂದು ಊರ ಹೆಸರನ್ನೇ ಬರೆದೆ.

ಅವಳು ಆ ಊರು ನೋಡಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಯ ಕಟ್ಟೆ ಕಾಣುತ್ತದೆ, ಅಷ್ಟೇ. ಮುಂದೆ ಮದುವೆಯಾದಾಗ ಹೆಸರು ಬದಲಿಸಬೇಕೋ ಬೇಡವೋ ಎನ್ನುವುದು ಅವಳ ನಿರ್ಧಾರ. ಅಪ್ಪ ಪೂರ್ತಿ ಒಪ್ಪಲಿಲ್ಲ. ಆದರೆ ಒಂದು ನೋಟ್‌ಬುಕ್ ತಗೊಂಡು ತಮಗೆ ನೆನಪಿದ್ದ ಐದು ತಲೆಮಾರಿನ ಹೆಸರು ಬರೆದುಕೊಟ್ಟರು. ಹಳೇ ಅಡ್ಡಹೆಸರು, ಹೊಸದು, ಯಾವಾಗ ಯಾಕೆ ಬದಲಾಯಿತು, ಎಲ್ಲ ಅದರಲ್ಲಿದೆ. ಹೆಂಡತಿ ಅವಳ ತವರಿನ ಹೆಸರುಗಳನ್ನೂ ಅದರಲ್ಲೇ ಬರೆದಳು.

ಹಳೇ ಮೈಸೂರು ಕಡೆಯವರಿಗೆ ಅಡ್ಡಹೆಸರು ಇರಲಿಕ್ಕಿಲ್ಲ. ಆದರೆ ಇನಿಷಿಯಲ್ ಇದೆ. ಅದರ ಮೊದಲ ಅಕ್ಷರದೊಳಗೆ ಎಷ್ಟೋ ಸಲ ಒಂದು ಊರು ಕೂತಿರುತ್ತದೆ. ಕುವೆಂಪು ಹೆಸರಿನ 'ಕು' ಅಂದರೆ ಕುಪ್ಪಳಿ.

ಇಂಗ್ಲೆಂಡಿನವರಿಗೆ ತೆರಿಗೆ ಪಟ್ಟಿ, ಚರ್ಚಿನ ದಫ್ತರ, ಜನಗಣತಿ ಎಲ್ಲ ಇತ್ತು. ಹುಡುಕಲು ವಿಶ್ವವಿದ್ಯಾಲಯ ಇತ್ತು. ನಮ್ಮ ಬಹಳಷ್ಟು ಮನೆಗಳ ದಫ್ತರ ಕಟ್ಟೆಯ ಮೇಲೆ ಕೂತ ಅಜ್ಜ, ಒಳಗೆ ಕೂತ ಅಮ್ಮ. ನಿಮ್ಮ ಅಡ್ಡಹೆಸರನ್ನು ಮೊದಲು ಹಚ್ಚಿಕೊಂಡವರು ಯಾರು, ಯಾವ ಊರಿಂದ ಯಾವ ಊರಿಗೆ ಬಂದಾಗ, ಹಚ್ಚಿದವರು ಯಾರು ಎಂದು ಇವತ್ತು ಸಂಜೆ ಒಮ್ಮೆ ಕೇಳಿ. ಅಜ್ಜಿಯ ತವರಿನ ಹೆಸರನ್ನೂ ಕೇಳಿ. ಕೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಒಂದು ಹಾಳೆಯ ಮೇಲೂ ಬರೆದಿಡಿ. ಮೊಬೈಲ್ ಕೆಟ್ಟರೂ ಹಾಳೆ ಇರುತ್ತದೆ.