ಗ್ಯಾರೇಜಿನಲ್ಲೊಂದು ಮರಗೆಲಸದ ಕೋಣೆ

ನಿವೃತ್ತಿಯ ಬಳಿಕ ಕಾರನ್ನು ಮಾರಿದೆವು. ತೆರವಾದ ಗ್ಯಾರೇಜಿನಲ್ಲಿ ಮರಗೆಲಸಕ್ಕೆ ತೊಡಗಬೇಕೆಂಬ ನನ್ನ ಬಹುದಿನದ ಆಸೆಗೆ ಮನೆಯಲ್ಲೇ ಒಂದು ತಡೆಯಿತ್ತು. ನನ್ನ ಪತ್ನಿಗೆ ಉಬ್ಬಸ. ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಇರುವುದು ಒಂದೇ ಬಾಗಿಲು.

ಪ್ರಿಯ ಓದುಗರೇ, ಮರದ ಹುಡಿಯನ್ನು ನಿರುಪದ್ರವಿಯೆಂದು ಬಗೆಯದಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1995ರಲ್ಲೇ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ನೆಲಕ್ಕೆ ಬೀಳುವ ಸಿಪ್ಪೆಗಿಂತ ಗಾಳಿಯಲ್ಲಿ ತೇಲುವ ನವಿರಾದ ಹುಡಿಯೇ ಶ್ವಾಸಕೋಶಕ್ಕೆ ಹೆಚ್ಚು ಅಪಾಯಕಾರಿ.

ಆದುದರಿಂದ ವಿದ್ಯುತ್ ಯಂತ್ರಗಳ ಮೋಹವನ್ನು ತೊರೆದೆ. ಉಳಿ, ಕೈಗರಗಸ, ಕೀಸುಳಿ, ಮೂಲೆಮಟ್ಟ ಇವಿಷ್ಟೇ ನನ್ನ ಸಂಪತ್ತು. ಹರಿತವಾದ ಕೀಸುಳಿಯಿಂದ ಬರುವುದು ಸುರುಳಿ ಸಿಪ್ಪೆ. ಅದನ್ನು ಗುಡಿಸಿ ತೆಗೆಯಬಹುದು. ಒಳಬಾಗಿಲಿನ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಮರಳುಕಾಗದದಿಂದ ಉಜ್ಜುವ ಕೆಲಸವೆಲ್ಲ ಅಂಗಳದಲ್ಲಿ, ಮುಖಗವಸು ಧರಿಸಿಯೇ. ಅಗಸೆಯೆಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹೊರಗೆ ಹರಡಿ ಒಣಗಿಸುತ್ತೇನೆ.

ಮರವೂ ಉಸಿರಾಡುವಂತೆ ತೋರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಲಸಿನ ಹಲಗೆ ತೇವವನ್ನು ಹೀರಿ ಅಗಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ಅತ್ಯಲ್ಪ. ಆ ಚಲನೆಗೆ ಎಡೆಯಿಡದ ಜೋಡಣೆ ಬಿರಿಯುತ್ತದೆ.

ಮನೆಯ ಬಾಳಿಗೂ ಇದು ಸಲ್ಲುವ ಮಾತಲ್ಲವೇ? ನೀವೂ ನಿಮ್ಮ ಬಿಡುವಿನ ವೇಳೆಗೆ ಒಂದು ಕೋಣೆಯನ್ನು ಕಟ್ಟಿಕೊಳ್ಳಿರಿ. ಆದರೆ ಮೊದಲ ಮೊಳೆ ಹೊಡೆಯುವ ಮುನ್ನ, ಗೋಡೆಯ ಆಚೆ ಉಸಿರಾಡುವವರು ಯಾರೆಂದು ಒಮ್ಮೆ ನೆನೆಯಿರಿ.