ಕೈಗೆ ಕಂಡದ್ದು, ಬಾಯಿ ಆಡದ್ದು

ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡವರೊಬ್ಬರೂ ಇಲ್ಲದ ಮನೆ ಈಗ ನಮ್ಮಲ್ಲಿ ಅಪರೂಪ. ಬೆಳಿಗ್ಗೆ ಏನೂ ತಿನ್ನದೆ ಬನ್ನಿ ಅನ್ನುತ್ತಾರೆ. ಹೋದ ಮೇಲೆ ಬಾಟಲಿಗಟ್ಟಲೆ ನೀರು ಕುಡಿಸಿ ಬೆಂಚಿನ ಮೇಲೆ ಕೂರಿಸುತ್ತಾರೆ. ಒಳಗೆ ಕರೆದಾಗ ಕತ್ತಲೆ ಕೋಣೆ, ಎಸಿಯ ಚಳಿ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್. ಈ ಒಂದೊಂದು ತೊಂದರೆಗೂ ಒಂದೊಂದು ಕಾರಣವಿದೆ ಎನ್ನುವುದು ನನಗೆ ಗೊತ್ತಾದದ್ದು ನನ್ನ ತಂಗಿಯ ಮಗಳು ಈ ವಿದ್ಯೆ ಕಲಿಯಲು ಕೂತ ಮೇಲೆ. ತಿಂಡಿ ತಿಂದರೆ ಪಿತ್ತಕೋಶ ಕುಗ್ಗಿಬಿಡುತ್ತದೆ, ಒಳಗೆ ಕಲ್ಲಿದ್ದರೂ ಕಾಣುವುದು ಕಷ್ಟ. ಕರುಳಿನಲ್ಲಿ ಗಾಳಿಯಿದ್ದರೆ ಯಂತ್ರ ಒಳಗೆ ಕಳಿಸುವ ಶಬ್ದ ಅಲ್ಲೇ ತಿರುಗಿ ಬರುತ್ತದೆ. ಮೂತ್ರಕೋಶ ತುಂಬಿದ್ದರೆ ಅದು ಕರುಳನ್ನು ಆಚೆಗೆ ತಳ್ಳಿ ಹಿಂದಿನ ಗರ್ಭಕೋಶಕ್ಕೆ ದಾರಿ ಬಿಡಿಸಿಕೊಡುತ್ತದೆ. ಇನ್ನು ಜೆಲ್: ಚರ್ಮಕ್ಕೂ ಅದರ ಮೇಲೆ ಆಡಿಸುವ ಪ್ರೋಬಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ತೆರೆಯ ಮೇಲೆ ಏನೂ ಮೂಡುವುದಿಲ್ಲ. ಇದನ್ನೆಲ್ಲ ಬೆಂಚಿನ ಮೇಲೆ ಕೂತವರಿಗೆ ಎರಡು ಮಾತಿನಲ್ಲಿ ಹೇಳಿದರೆ ಎಷ್ಟು ಚೆನ್ನ.

ಅವಳು ಮೈಸೂರಿನಲ್ಲಿ ಬಿಎಸ್‌ಸಿ ಮಾಡಿ, ಮದುವೆಯಾಗಿ ಅಮೆರಿಕದ ಓಹಿಯೋಗೆ ಹೋದವಳು. ಮಗು ಶಾಲೆಗೆ ಹೋಗುವಂತಾದ ಮೇಲೆ, “ದೊಡ್ಡಮ್ಮ, ನಾನು ಸೋನೋಗ್ರಫಿ ಓದ್ತೀನಿ” ಅಂದಳು. ಡಾಕ್ಟರಾಗದೆ ಸ್ಕ್ಯಾನ್ ಮಾಡುವುದು ಹೇಗೆ ಎಂದು ನನಗೆ ಆಶ್ಚರ್ಯ. ನಮ್ಮಲ್ಲಿ ಪ್ರೋಬ್ ಹಿಡಿಯುವವರು ಡಾಕ್ಟರೇ. ಅಲ್ಲಿ ಅದು ಬೇರೆಯೇ ಒಂದು ಕಸುಬು. ಸೋನೋಗ್ರಾಫರ್ ಚಿತ್ರ ತೆಗೆಯುತ್ತಾರೆ, ಅಳತೆ ಹಾಕುತ್ತಾರೆ. ರೇಡಿಯಾಲಜಿಸ್ಟ್ ಬೇರೆ ಕೋಣೆಯಲ್ಲಿ ಕೂತು ಅವನ್ನು ನೋಡಿ ವರದಿ ಬರೆಯುತ್ತಾರೆ. ಎರಡು ವರ್ಷದ ಕೋರ್ಸು. ಅದಕ್ಕೆ ಸೇರುವ ಮುಂಚೆಯೇ ಶರೀರರಚನೆ, ಗಣಿತ, ಭೌತಶಾಸ್ತ್ರ ಮುಗಿಸಿರಬೇಕು. ಒಬ್ಬೊಬ್ಬ ವಿದ್ಯಾರ್ಥಿಗೂ ಆಸ್ಪತ್ರೆಯಲ್ಲಿ ಒಂದು ಜಾಗ, ಕಲಿಸುವ ಒಬ್ಬ ಹಿರಿಯರು ಸಿಗಬೇಕಾದ್ದರಿಂದ ಸೀಟುಗಳು ಬಹಳ ಕಡಿಮೆ. ಆಸ್ಪತ್ರೆಯಲ್ಲಿ ಇಡೀ ದಿನ ನಿಂತು ಕಲಿತದ್ದಕ್ಕೆ ಸಂಬಳವಿಲ್ಲ. ಕೊನೆಗೆ ಎಆರ್‌ಡಿಎಂಎಸ್ ಎಂಬ ಸಂಸ್ಥೆಯ ಎರಡು ಪರೀಕ್ಷೆ: ಒಂದು ಶಬ್ದದ ಭೌತಶಾಸ್ತ್ರದ್ದು, ಇನ್ನೊಂದು ಹೊಟ್ಟೆಯದೋ ಗರ್ಭದ್ದೋ ಸ್ತನದ್ದೋ, ತಾನು ಆರಿಸಿಕೊಂಡ ಭಾಗದ್ದು. ಎರಡೂ ಪಾಸಾದರೇ ಹೆಸರಿನ ಮುಂದೆ ಆರ್‌ಡಿಎಂಎಸ್ ಎಂದು ಹಾಕಿಕೊಳ್ಳಬಹುದು.

ಭೌತಶಾಸ್ತ್ರದ ಪರೀಕ್ಷೆಗೆ ಅವಳು ಓದುತ್ತಿದ್ದಾಗ ನಾನು ಅವಳ ಮನೆಯಲ್ಲೇ ಇದ್ದೆ. ಅಡುಗೆಮನೆಯ ಗೋಡೆಯ ತುಂಬ ಚೀಟಿ. ನಮ್ಮ ಮೈಯ ಮೆದು ಭಾಗಗಳಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ಓಡುತ್ತದೆ ಎಂದು ಯಂತ್ರ ಲೆಕ್ಕ ಹಿಡಿದಿರುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳಲು 13 ಮೈಕ್ರೋಸೆಕೆಂಡ್. ಪ್ರತಿಧ್ವನಿ ಎಷ್ಟು ತಡವಾಗಿ ಬಂತು ಎನ್ನುವುದರ ಮೇಲೆ ಅದು ಎಷ್ಟು ಆಳದ್ದೆಂದು ಯಂತ್ರ ನಿರ್ಧರಿಸಿ ತೆರೆಯ ಮೇಲೆ ಒಂದು ಚುಕ್ಕೆ ಇಡುತ್ತದೆ. ಶಬ್ದ ನೇರವಾಗಿ ಹೋಗಿ ನೇರವಾಗಿಯೇ ಬಂತು, ಎಲ್ಲ ಕಡೆಯೂ ಒಂದೇ ವೇಗದಲ್ಲಿ ಓಡಿತು ಎಂದು ಅದು ನಂಬಿಕೊಂಡಿದೆ. ಆದರೆ ದೇಹದೊಳಗೆ ಹಾಗೆ ಆಗುವುದಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ಬಡಿದ ಶಬ್ದ ಸುತ್ತಿ ಬಂದರೆ, ಕೆಳಗಿರುವ ಲಿವರ್ ವಪೆಯ ಮೇಲೂ ಇನ್ನೊಂದು ಇದ್ದಂತೆ ಕಾಣುತ್ತದೆ. ಪಿತ್ತಕೋಶದ ಕಲ್ಲು ಶಬ್ದವನ್ನು ತಡೆಯುವುದರಿಂದ ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ನೀರು ತುಂಬಿದ ಗುಳ್ಳೆಯ ಹಿಂದೆ ಅದಕ್ಕೆ ಉಲ್ಟಾ, ಬೆಳಕು ಹೆಚ್ಚು. ಕಲಿಯುವವರು ಅಂಗಾಂಗ ಗುರುತಿಸುವುದರ ಜೊತೆಗೇ ಯಂತ್ರ ಎಲ್ಲೆಲ್ಲಿ ತಪ್ಪು ಹೇಳುತ್ತದೆ ಎನ್ನುವುದನ್ನೂ ಕಲಿಯಬೇಕು. ಅದರಲ್ಲೂ ಕೆಲವು ತಪ್ಪುಗಳು ಉಪಕಾರಿ. ಕಲ್ಲು ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಡುವುದು ಆ ನೆರಳೇ.

ಅವಳ ಕಾಲೇಜಿನ ಲ್ಯಾಬಿಗೆ ಹೊರಗಿನವರು ಬಂದು ಮಲಗಿದರೆ ವಿದ್ಯಾರ್ಥಿಗಳಿಗೆ ಅನುಕೂಲ. ನಾನೂ ಒಂದು ಬೆಳಿಗ್ಗೆ ಹೋಗಿ ಮಲಗಿದೆ. ಅವಳು ನನ್ನ ಬಲಗಡೆ ಕೂತಳು. ಬಲಗೈಯಲ್ಲಿ ಪ್ರೋಬ್, ಎಡಗೈ ಗುಂಡಿಗಳ ಮೇಲೆ, ಕಣ್ಣು ತೆರೆಯ ಮೇಲೆ. ಕೈ ಜಾರದ ಹಾಗೆ ಕಿರುಬೆರಳನ್ನು ನನ್ನ ಪಕ್ಕೆಗೆ ಊರಿಕೊಂಡಿದ್ದಳು. “ದೊಡ್ಡಮ್ಮ, ಉಸಿರು ಎಳ್ಕೊಂಡು ಹಿಡ್ಕೊಳ್ಳಿ” ಅಂದಳು. ಉಸಿರು ಎಳೆದರೆ ಲಿವರ್ ಪಕ್ಕೆಲುಬಿನ ಮರೆಯಿಂದ ಕೆಳಗಿಳಿಯುತ್ತದಂತೆ. ಬೂದು, ಕಪ್ಪು, ಮತ್ತೆ ಬೂದು. ನನಗೆ ಒಂದೂ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಅವಳ ಟೀಚರ್ ಯಂತ್ರವನ್ನು ಮುಟ್ಟಲಿಲ್ಲ, ಮಣಿಕಟ್ಟನ್ನು ಸ್ವಲ್ಪ ಬಾಗಿಸು ಎಂದಷ್ಟೇ ಹೇಳಿದರು. ಅವಳು ಪ್ರೋಬನ್ನು ಜಾಗ ಬಿಡದೆ ಕೂದಲಷ್ಟು ಓರೆ ಮಾಡಿದಳು. ತೆರೆಯ ಮೇಲೆ ಒಂದು ದುಂಡು ಮುಖ, ಮೇಲೆ ಎರಡು ಕಿವಿ ಬಂದು ನಿಂತವು. ಮುಖ ಪೋರ್ಟಲ್ ರಕ್ತನಾಳ, ಒಂದು ಕಿವಿ ಅಪಧಮನಿ, ಇನ್ನೊಂದು ಪಿತ್ತನಾಳ. ಕಲಿಯುವವರು ಇದನ್ನು ಮಿಕ್ಕಿ ಮೌಸ್ ಅನ್ನುತ್ತಾರೆ. ಆ ಪಿತ್ತನಾಳದ ಅಗಲ ಸಾಮಾನ್ಯವಾಗಿ 6 ಮಿಲಿಮೀಟರ್ ಒಳಗಿರಬೇಕು. ಅವಳು ಅಳೆದು, ಚಿತ್ರ ಹಿಡಿದು, ಟೀಚರ್ ಮುಖ ನೋಡಿದಳು.

ಆಗ ನನಗೆ ಮನದಟ್ಟಾದ ವಿಷಯವೇ ಈ ಹರಟೆಗೆ ಮೂಲ. ಎಕ್ಸ್‌ರೇ ತೆಗೆದರೆ ಎದೆಯ ಚಿತ್ರ ಇಡಿಯಾಗಿ ಬರುತ್ತದೆ, ಓದುವ ಡಾಕ್ಟರು ಅದರ ಮೂಲೆಮೂಲೆಯನ್ನೂ ಹುಡುಕಬಹುದು. ಸ್ಕ್ಯಾನಿಂಗ್ ಹಾಗಲ್ಲ. ಕೈ ಎಲ್ಲಿ ಹೋಗಲಿಲ್ಲವೋ ಅಲ್ಲಿನ ಚಿತ್ರವೇ ಇರುವುದಿಲ್ಲ. ಪ್ರೋಬ್ ಹಿಡಿದವಳು ಗಡ್ಡೆಯನ್ನು ದಾಟಿ ಹೋದರೆ ಎಂಥ ದೊಡ್ಡ ಡಾಕ್ಟರಾದರೂ ಆ ವರದಿಯಲ್ಲಿ ಅದನ್ನು ಬರೆಯಲಾರರು. ಯಂತ್ರ ಎಷ್ಟು ಲಕ್ಷದ್ದು ಎಂದು ಕೇಳುವ ನಾವು, ಅದನ್ನು ಹಿಡಿದ ಕೈ ಎಷ್ಟು ಪಳಗಿದ್ದು ಎಂದು ಕೇಳಬೇಕು. ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಯುತ್ತೇನೆ. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ, 2018ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ ಹೊಟ್ಟೆ ಮುಟ್ಟಿಯೇ ಮಗುವಿನ ತಲೆ ಎಲ್ಲಿದೆ ಎನ್ನುತ್ತಿದ್ದರು. ಅವರದು ಬರಿಗೈ, ಇವಳದು ಪ್ರೋಬ್ ಹಿಡಿದ ಕೈ. ಎರಡಕ್ಕೂ ವಿದ್ಯೆ ಹತ್ತುವುದು ನೂರಾರು ಹೊಟ್ಟೆಗಳನ್ನು ಮುಟ್ಟಿದ ಮೇಲೆಯೇ.

ಈ ವಿದ್ಯೆ ಹುಟ್ಟಿದ ರೀತಿಯೂ ಸ್ವಾರಸ್ಯದ್ದು. ಗ್ಲಾಸ್ಗೋದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದವರು, ರೇಡಾರ್ ಸೋನಾರ್‌ಗಳ ಪರಿಚಯವಿದ್ದವರು. ಬಾಯ್ಲರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಲೋಹದೊಳಗಿನ ಬಿರುಕನ್ನು ಶಬ್ದ ಬಿಟ್ಟು ಪತ್ತೆ ಮಾಡುವ ಯಂತ್ರವಿತ್ತು. 1955ರಲ್ಲಿ ಅವರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನೂ ನೀರ್ಗುಳ್ಳೆಗಳನ್ನೂ ಕಾರಿನಲ್ಲಿ ಹೇರಿಕೊಂಡು ಅಲ್ಲಿಗೆ ಹೋದರು. ಕಾರ್ಖಾನೆಯವರು ಹೋಲಿಸಿ ನೋಡಲು ಒಂದು ತುಂಡು ದನದ ಮಾಂಸ ತರಿಸಿಟ್ಟಿದ್ದರು. ಗಟ್ಟಿ ಗಡ್ಡೆಯ ಪ್ರತಿಧ್ವನಿ ಬೇರೆ, ನೀರ್ಗುಳ್ಳೆಯದು ಬೇರೆ ಎಂದು ಅಲ್ಲಿ ಸಾಬೀತಾಯಿತು. ಆಮೇಲೆ ಎಂಜಿನಿಯರ್ ಟಾಮ್ ಬ್ರೌನ್, ಡಾಕ್ಟರ್ ಜಾನ್ ಮ್ಯಾಕ್‌ವಿಕರ್ ಜೊತೆ ಸೇರಿ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನ ಬರೆದರು. ಆಪರೇಷನ್ ಮಾಡಲಾಗದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬರ ಹೊಟ್ಟೆಯಲ್ಲಿದ್ದದ್ದು ಅಂಡಾಶಯದ ದೊಡ್ಡ ನೀರ್ಗುಳ್ಳೆ ಎಂದು ಈ ಯಂತ್ರ ತೋರಿಸಿ, ಆಕೆ ಬದುಕಿಕೊಂಡರು.

ಇನ್ನು ಸೋನೋಗ್ರಾಫರ್ ಎಂಬ ಕಸುಬಿಗೆ ಅಮೆರಿಕದಲ್ಲಿ ಒಂದು ಸ್ಥಾನ ಕಟ್ಟಿಕೊಟ್ಟವರಲ್ಲಿ ಮುಖ್ಯರು ಇಂಗ್ಲೆಂಡಿನಿಂದ ಸಿಯಾಟಲ್‌ಗೆ ಬಂದ ಜೋನ್ ಬೇಕರ್. ಅವರೆಲ್ಲ ಸಂಘ ಕಟ್ಟಿ ಹೋರಾಡಿದ ಮೇಲೆ ಈ ಕೆಲಸಕ್ಕೆ ಪ್ರತ್ಯೇಕ ವೃತ್ತಿಯೆಂಬ ಮಾನ್ಯತೆ ಬಂತು, 1975ರಲ್ಲಿ ಪರೀಕ್ಷೆ ನಡೆಸುವ ಸಂಸ್ಥೆಯೂ ಹುಟ್ಟಿತು. ಮುಂದೆ ಇದೇ ಬೇಕರ್ ಇನ್ನೊಂದು ಸತ್ಯವನ್ನು ಎತ್ತಿ ಹೇಳಿದರು: ತೋಳು ಚಾಚಿ, ಮಣಿಕಟ್ಟು ತಿರುಚಿ, ದಿನವಿಡೀ ಒತ್ತಿ ಹಿಡಿಯುವ ಈ ಹೆಂಗಸರ ಭುಜ, ಕತ್ತು, ಬೆರಳು ಹಾಳಾಗುತ್ತಿವೆ. ಸಮೀಕ್ಷೆಗಳಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ನೋವಿನಲ್ಲೇ ಕೆಲಸ ಮಾಡುವುದಾಗಿ ಹೇಳಿದ್ದಾರೆ. ನಮ್ಮ ಹುಡುಗಿಗೆ ಮೊದಲ ತಿಂಗಳಲ್ಲೇ ಪಾಠ: ಮಂಚವನ್ನು ನಿನ್ನ ಎತ್ತರಕ್ಕೆ ತಂದುಕೋ, ರೋಗಿಯನ್ನು ಹತ್ತಿರಕ್ಕೆ ಸರಿಸಿಕೋ, ಆಮೇಲೆ ಪ್ರೋಬ್ ಮುಟ್ಟು. ನಮ್ಮ ಸ್ಕ್ಯಾನಿಂಗ್ ಕೋಣೆಗಳಲ್ಲಿ ಸಾಲುಗಟ್ಟಿದ ರೋಗಿಗಳನ್ನು ನೋಡುವ ಡಾಕ್ಟರುಗಳ ಭುಜಕ್ಕೂ ಇದೇ ಮಾತು ಬೇಕು.

ಭುಜಕ್ಕಿಂತ ಭಾರವಾದದ್ದು ಬಾಯಿ ಕಟ್ಟಿಕೊಳ್ಳುವುದು. ಆಸ್ಪತ್ರೆಯ ತರಬೇತಿಯಲ್ಲಿ ಒಂದು ದಿನ, ಯಾರು ಏನು ಎಂದು ಬಿಟ್ಟುಕೊಡದೆ, ಅವಳು ಇಷ್ಟು ಹೇಳಿದಳು: ಎಂಟು ವಾರದ ಬಸುರಿ, ತೆರೆಯ ಮೇಲೆ ಮಗುವಿನ ಹೃದಯ ಮಿಡಿಯುತ್ತಿಲ್ಲ. ಆ ತಾಯಿ ಅವಳ ಮುಖವನ್ನೇ ನೋಡುತ್ತಾ, “ಎಲ್ಲ ಸರಿಯಿದೆಯಾ?” ಅನ್ನುತ್ತಿದ್ದಾಳೆ. ನಿಯಮದ ಪ್ರಕಾರ ಇವಳು ಹೇಳಬಹುದಾದದ್ದು, ಡಾಕ್ಟರ್ ನೋಡಿ ಹೇಳುತ್ತಾರೆ ಎನ್ನುವುದಷ್ಟೇ. ಹಿರಿಯಳು ಮುಂದೆ ಬಂದು ಮತ್ತೊಮ್ಮೆ ನೋಡಿ, ನಿಧಾನವಾಗಿ ಅಳತೆ ಮುಗಿಸಿ, ಆ ತಾಯಿಯ ಹೊಟ್ಟೆಯ ಜೆಲ್ ಒರೆಸಿದಳಂತೆ. ಕೋಣೆಯಿಂದ ಹೊರಗೆ ಬಂದ ಮೇಲೆ ಒಂದು ಪಾಠ ಹೇಳಿಕೊಟ್ಟಳು: ಪ್ರತಿಯೊಬ್ಬ ರೋಗಿಗೂ ಶುರುವಿನಲ್ಲೇ ಹೇಳಿಬಿಡು, ನಾನು ನಡುನಡುವೆ ಸುಮ್ಮನಾಗುತ್ತೇನೆ, ಅದು ಅಳತೆ ಹಾಕುವುದಕ್ಕೆ, ಗಾಬರಿಯಾಗಬೇಡಿ ಎಂದು. ನಮ್ಮ ಹುಡುಗಿ ಅಂದಿನಿಂದ ಹಾಗೇ ಮಾಡುತ್ತಾಳೆ.

ನಿಯಮಕ್ಕೆ ಕಾರಣವಿದೆ, ಒಪ್ಪುತ್ತೇನೆ. ರಕ್ತಪರೀಕ್ಷೆ, ಹಳೆಯ ವರದಿ, ರೋಗದ ಪೂರ್ತಿ ಕತೆ ಡಾಕ್ಟರ ಮುಂದೆ ಇರುತ್ತದೆ, ಇವಳ ಮುಂದೆ ಇರುವುದಿಲ್ಲ. ಆದರೂ ಬ್ರಿಟನ್ನಿನಲ್ಲಿ ಸೋನೋಗ್ರಾಫರೇ ವರದಿ ಬರೆಯುತ್ತಾರೆ, ಗರ್ಭದ ಸ್ಕ್ಯಾನಿನಲ್ಲಿ ಕಂಡ ಕೆಟ್ಟ ಸುದ್ದಿಯನ್ನು ಅಲ್ಲೇ ಕೂತು ಹೇಳುತ್ತಾರೆ, ಅದಕ್ಕೆ ತರಬೇತಿಯನ್ನೂ ಪಡೆದಿರುತ್ತಾರೆ. ಕಾಯಿಸುವುದೂ ಒಂದು ಹಿಂಸೆ. ನನಗೆ ಬ್ರಿಟನ್ನಿನವರ ದಾರಿಯೇ ಮೇಲು ಅನ್ನಿಸುತ್ತದೆ.

ಇನ್ನೊಂದು ಮಾತು ಅವಳ ಬಾಯಲ್ಲಿ ಬರಲು ತಿಂಗಳುಗಳೇ ಬೇಕಾದವು. ಇಪ್ಪತ್ತು ವಾರದ ಸ್ಕ್ಯಾನಿನಲ್ಲಿ ಅಲ್ಲಿನ ಅಪ್ಪ-ಅಮ್ಮ ಕೇಳುವುದೇ ಗಂಡೋ ಹೆಣ್ಣೋ ಎಂದು, ಅದನ್ನು ಹೇಳುವುದಕ್ಕೆ ಅಡ್ಡಿಯೂ ಇಲ್ಲ. ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಬೋರ್ಡನ್ನು ಓದುತ್ತ ಬೆಳೆದ ಹುಡುಗಿ ಅವಳು. “ಹೆಣ್ಣುಮಗು ಅಂತ ಹೇಳೋಕೆ ಬಾಯಿ ತೆಗೆದ್ರೆ ಗಂಟಲು ಕಟ್ಟುತ್ತೆ ದೊಡ್ಡಮ್ಮ” ಅಂದಿದ್ದಳು. ಕೊನೆಗೊಮ್ಮೆ ಅದನ್ನು ಹೇಳಿದಾಗ ಆ ಅಪ್ಪ-ಅಮ್ಮ ಕುಣಿದಾಡಿದ್ದನ್ನು ಹೇಳುವಾಗ ಅವಳ ದನಿ ನಡುಗುತ್ತಿತ್ತು. ನಮ್ಮ ಕಾನೂನು ಬಂದದ್ದು 1994ರಲ್ಲಿ, ಜಾರಿಯಾದದ್ದು 1996ರಲ್ಲಿ. ಅಷ್ಟಾದರೂ 2023ರಲ್ಲಿ ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಹುಡುಕುತ್ತಿದ್ದ ಜಾಲ ಬಯಲಿಗೆ ಬಂತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಒಂದು ಜೀವ ಉಳಿಸಿದ ಯಂತ್ರವನ್ನೇ ನಾವು ಎಲ್ಲಿಗೆ ತಂದಿಟ್ಟೆವು!

ಹಾಗಾಗಿಯೇ ನಮ್ಮ ಕಾನೂನು ಬಿಗಿ. ಗರ್ಭದ ಸ್ಕ್ಯಾನ್ ಮಾಡುವವರು ಡಾಕ್ಟರೇ ಆಗಿರಬೇಕು. ಬರೀ ಎಂಬಿಬಿಎಸ್ ಆಗಿದ್ದರೆ 2014ರ ನಿಯಮದಂತೆ ಆರು ತಿಂಗಳ ತರಬೇತಿ ಆಗಬೇಕು. ಒಬ್ಬೊಬ್ಬ ಬಸುರಿಗೂ ಫಾರಂ ‘ಎಫ್’ ತುಂಬಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ, “ಆಂಟಿ, ಅಕ್ಕ ಓದಿದ್ದನ್ನೇ ನಾನೂ ಓದ್ತೀನಿ” ಎಂದು ಬಂದಿದ್ದಳು. ಕೈಯಲ್ಲಿ ಅಲ್ಟ್ರಾಸೌಂಡ್ ಟೆಕ್ನಿಷಿಯನ್ ಮಾಡುತ್ತೇವೆ ಎಂಬ ಯಾವುದೋ ಸಂಸ್ಥೆಯ ಕರಪತ್ರ. ಆ ಸರ್ಟಿಫಿಕೇಟ್ ಹಿಡಿದು ಇಲ್ಲಿ ಬಸುರಿಯ ಹೊಟ್ಟೆಯ ಮೇಲೆ ಪ್ರೋಬ್ ಇಡುವಂತಿಲ್ಲ, ಮೊದಲು ಅದನ್ನು ತಿಳಿದುಕೋ ಎಂದೆ. ಚಿತ್ರ ತೆಗೆಯುವ ವಿದ್ಯೆಯೇ ಬೇಕಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಇಮೇಜಿಂಗ್ ಟೆಕ್ನಾಲಜಿಯ ಬಿಎಸ್‌ಸಿ ಇದೆ, ಎಕ್ಸ್‌ರೇ, ಸಿಟಿ, ಎಂಆರ್‌ಐ ಕಲಿಯಬಹುದು. ಹೃದಯದ ಕಡೆ ಆಸೆಯಿದ್ದರೆ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಇದೆ. ಸ್ಕ್ಯಾನೇ ಮಾಡಬೇಕು ಅನ್ನುವ ಹಟವಿದ್ದರೆ ನೀಟ್ ಬರೆ. ಅವಳು ಕರಪತ್ರವನ್ನು ಮಡಿಸಿಟ್ಟುಕೊಂಡು, ಅಕ್ಕನ ಹತ್ತಿರ ಒಂದು ಸಲ ಮಾತಾಡಬೇಕು ಅಂದಳು. ಭಾನುವಾರ ಫೋನ್ ಹಚ್ಚಿಕೊಡುತ್ತೇನೆ. ಭೌತಶಾಸ್ತ್ರದ ಪುಸ್ತಕ ಎದುರಿಗೆ ಇಟ್ಟುಕೊಂಡೇ ಕೂತ್ಕೋ, ಅವಳು ಮೊದಲು ಕೇಳುವುದೇ ಅದರಲ್ಲಿ ಎಂದೂ ಹೇಳಿದ್ದೇನೆ.