ಒಂದು ಹಿತ್ತಾಳೆ ಕೊಂಬಿನ ಜೀರ್ಣೋದ್ಧಾರ

ಕರ್ನಾಟಕದ ಶಾಸನಗಳನ್ನು ಓದಿದವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣ ಸುಪರಿಚಿತ. ಮಹಾಮಂಡಲೇಶ್ವರರೂ ಸಾಮಂತರೂ ತಮ್ಮ ಬಿರುದಾವಳಿಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ‘ಮಹಾ’ ಎಂದು ಮೊದಲಾಗುವ ಐದು ಪದವಿಗಳೆಂಬ ಮತವೂ ಉಂಟಾದರೂ, ಐದು ವಾದ್ಯಗಳನ್ನು ನುಡಿಸಿಕೊಳ್ಳುವ ಗೌರವವನ್ನು ಪಡೆದವರು ಎಂಬ ಅರ್ಥವೇ ಹೆಚ್ಚು ರೂಢವಾಗಿದೆ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಆ ಐದನ್ನು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಹೆಸರಿಸುತ್ತದೆ. ಶೃಂಗವೆಂದರೆ ನಮ್ಮ ಕೊಂಬು. ಇಪ್ಪತ್ತೈದು ವರ್ಷ ತರಗತಿಯಲ್ಲಿ ಈ ಪದವನ್ನು ವಿವರಿಸಿದ್ದ ನಾನು ಆ ವಾದ್ಯವನ್ನು ಕೈಯಲ್ಲಿ ಹಿಡಿದದ್ದು ಮಾತ್ರ ಕೆಲವು ವರ್ಷಗಳ ಹಿಂದೆ, ಒಂದು ಗುಜರಿ ಅಂಗಡಿಯಲ್ಲಿ.

ಒಡೆದ ಕೊಡಗಳ ನಡುವೆ ಅದು ಎರಡು ತುಂಡಾಗಿ ಬಿದ್ದಿತ್ತು. ಅಂಗಡಿಯವರು ತೂಕದ ಲೆಕ್ಕದಲ್ಲಿ ಹಣ ಪಡೆದು ಕೊಟ್ಟರು. ಬಾಗಿದ ಆ ತುಂಡುಗಳು ಒಂದರೊಳಗೊಂದು ಕೂರುತ್ತವೆ. ಒಂದೇ ದಿಕ್ಕಿಗೆ ಬಾಗಿಸಿ ಜೋಡಿಸಿದರೆ ಅರ್ಧಚಂದ್ರ, ಒಂದನ್ನು ತಿರುಗಿಸಿದರೆ ಹೆಡೆಯೆತ್ತಿದ ಹಾವು. ಮೈಯೆಲ್ಲ ಹಸುರು ಕಿಲುಬು. ಅಲ್ಲಲ್ಲಿ ಸತು ಕರಗಿಹೋಗಿ ಉಳಿದ ತಾಮ್ರದ ಕೆಂಪು ಕಲೆಗಳು. ಹಿಂದೆ ಯಾರೋ ಹಾಕಿದ ಒಂದು ತಾಮ್ರದ ತೇಪೆ. ಅಗಲ ಬಾಯಿಯ ಅಂಚಿನಿಂದ ಉದ್ದಕ್ಕೆ ಸಾಗಿದ ಮೂರು ಬಿರುಕುಗಳು.

ಪರಿಚಯದ ವೃದ್ಧ ಕಂಚುಗಾರರೊಬ್ಬರ ಬಳಿಗೆ ಅದನ್ನು ಒಯ್ದೆ. ಅವರು ಬೆರಳಿಂದ ಅದರ ಮೈ ತಡವಿ ಕೇಳಿದ್ದು ಒಂದೇ ಮಾತು: “ಮೇಷ್ಟ್ರೇ, ಹೊಳಪು ಬೇಕೋ, ದನಿ ಬೇಕೋ?”

ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿದ್ದರೆ ಒಂದೇ ದಿನದಲ್ಲಿ ಅದು ಬಂಗಾರದಂತೆ ಹೊಳೆಯುತ್ತಿತ್ತು. ಆದರೆ ಕಿಲುಬಿನ ಅಡಿಯಲ್ಲಿ, ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಯುವ ರೀತಿಯಲ್ಲಿ, ಚುಕ್ಕಿಗಳಿಂದ ಮೂಡಿಸಿದ ಕನ್ನಡ ಅಕ್ಷರಗಳಿದ್ದವು. ಗ್ರಂಥಸಂಪಾದನೆಯಲ್ಲಿ ನಾವು ಕಲಿತ ಪಾಠ ಇಲ್ಲಿ ನೆರವಾಯಿತು. ಓಲೆಗರಿಯ ಮೇಲೆ ನಂತರದ ಕೈಯೊಂದು ತಿದ್ದಿದ್ದರೆ ಆ ತಿದ್ದುಪಡಿಯೂ ಕೃತಿಯ ಚರಿತ್ರೆಯ ಭಾಗ. ಸಂಪಾದಕ ಅದನ್ನು ಅಳಿಸಿಹಾಕುವುದಿಲ್ಲ, ದಾಖಲಿಸುತ್ತಾನೆ. ಆದ್ದರಿಂದ ನೀರು, ಮೆತ್ತನೆಯ ಬ್ರಷ್ಷು, ಹತ್ತಿ ಇಷ್ಟರಲ್ಲೇ ಶುದ್ಧಗೊಳಿಸಿದೆವು. ತೇಪೆಯನ್ನು ಉಳಿಸಿಕೊಂಡೆವು. ತಗ್ಗುಗಳನ್ನು ಒಳಗಿನಿಂದ ಸಲಾಕೆ ಆನಿಸಿ, ಮರದ ಕೊಡತಿಯಿಂದ ತಟ್ಟಿ ಎಬ್ಬಿಸಿದರು. ಬಿರುಕುಗಳಿಗೆ ತವರದ ಬೆಸುಗೆಯನ್ನು ಒಳಮೈಯಲ್ಲೇ ಹಾಕಿದರು. ಹೊರಗೆ ಅವು ಕಾಣುವಂತೆಯೇ ಉಳಿದವು. ಗಾಳಿ ಸೋರದಂತೆ ಜೋಡಣೆಗೆ ಜೇನುಮೇಣ ಮೆತ್ತಿದರು.

ಅಷ್ಟು ದಪ್ಪ ಹಿತ್ತಾಳೆ ಏಟಿಲ್ಲದೆ ಉದ್ದಕ್ಕೆ ಬಿರಿದದ್ದೇಕೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಲೋಹವಿಜ್ಞಾನದ ಓದು ಒಂದು ಸುಳಿವು ಕೊಟ್ಟಿತು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾಠಾಣ್ಯಗಳಲ್ಲಿ ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿಟ್ಟಿದ್ದ ಹಿತ್ತಾಳೆಯ ಕಾಡತೂಸುಗಳು ತಾವಾಗಿ ಬಿರುಕು ಬಿಡುತ್ತಿದ್ದವು. ಬಡಿದು, ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಬಿಗುಪು ಉಳಿದಿರುತ್ತದೆ. ಪ್ರಾಣಿಗಳ ಮೂತ್ರದಿಂದ ಏಳುವ ಅಮೋನಿಯಾ ತೇವದೊಡನೆ ಸೇರಿ ಅಂಥ ಲೋಹವನ್ನು ಸೀಳುತ್ತದೆ. ಈ ಕಾರಣ 1921ರಲ್ಲಿ ಸ್ಪಷ್ಟವಾಯಿತು. ಹಾಗಾದರೆ ಈ ಕೊಂಬು ಎಲ್ಲಿತ್ತು?

ಚುಕ್ಕಿಯ ಅಕ್ಷರಗಳಲ್ಲಿ ಒಂದು ಊರಿನ ಹೆಸರಿತ್ತು. ಹುಡುಕಿಕೊಂಡು ಹೋದೆ. ಗುಡಿಯಲ್ಲಿ ಈಗ ವಿದ್ಯುತ್ತಿನಿಂದ ಬಡಿದುಕೊಳ್ಳುವ ನಗಾರಿ, ಗಂಟೆ. ಅದು ಬಂದ ಮೇಲೆ ಹಳೆಯ ಹಿತ್ತಾಳೆಯನ್ನೆಲ್ಲ ಮಾರಿದರಂತೆ. ಯೌವನದಲ್ಲಿ ಆ ಕೊಂಬನ್ನು ಊದುತ್ತಿದ್ದ ವೃದ್ಧರು ಊರಾಚೆಯ ಕೇರಿಯಲ್ಲಿದ್ದರು. ಕೊಂಬನ್ನು ಕಂಡೊಡನೆ ಗುರುತು ಹಿಡಿದರು. ಎಲ್ಲಿಡುತ್ತಿದ್ದಿರಿ ಎಂದು ಕೇಳಿದೆ.

“ನಮ್ಮ ದನದ ಕೊಟ್ಟಿಗೆ ಅಟ್ಟದಾಗೆ, ಸ್ವಾಮಿ. ನಾವು ಬಾಯಿಟ್ಟು ಊದಿದ್ದನ್ನ ಗುಡಿ ಒಳಗೆ ಯಾರು ಇಟ್ಕೋತಾರೆ?”

ದೇವರ ಉತ್ಸವ ಹೊರಡಲು ಅವರ ಉಸಿರು ಬೇಕಿತ್ತು. ಆ ಉಸಿರು ತಾಗಿದ ವಾದ್ಯಕ್ಕೆ ಗುಡಿಯಲ್ಲಿ ಗೂಟವೊಂದಿರಲಿಲ್ಲ. ಬಿರುಕಿನ ಕಾರಣವನ್ನು ನಾನು ಮತ್ತೆ ಕೇಳಬೇಕಾಗಲಿಲ್ಲ.

ಕೊಂಬು ನಿಮ್ಮದು, ಇಟ್ಟುಕೊಳ್ಳಿ ಎಂದೆ. ಅವರು ತಲೆಯಾಡಿಸಿದರು. “ನೀವೇ ಮಡಗಿಕೊಳ್ಳಿ. ನನ್ನ ಮೊಮ್ಮಕ್ಕಳು ಹೊರಗೆ ನಿಂತು ಊದೋದು ಬ್ಯಾಡ.” ಆದರೂ ಕೈಯಿಂದ ಕೆಳಗಿಡಲಿಲ್ಲ. ಹಲ್ಲುಗಳು ಹೋಗಿದ್ದುದರಿಂದ ತುಟಿಯ ಬಿಗಿ ನಿಲ್ಲದೆ ಎರಡು ಸಲ ಬರಿಯ ಗಾಳಿ ಬಂತು. ಕೊಂಬಿಗೆ ರಂಧ್ರಗಳಿಲ್ಲ, ಸ್ವರಭೇದವೆಲ್ಲ ತುಟಿಯದು, ಉಸಿರಿನದು. ಮೂರನೆಯ ಸಲ ಷಡ್ಜ ಎದ್ದಿತು, ಅದರ ಮೇಲೆ ಪಂಚಮ. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ನಿಂತು ನೋಡಿದರು.

ಸಂಗ್ರಹಾಲಯಗಳ ಕ್ರಮವನ್ನನುಸರಿಸಿ ಆ ಕೊಂಬಿಗೊಂದು ವಿವರಪಟ್ಟಿ ಬರೆದಿದ್ದೇನೆ: ಲೋಹ, ಉದ್ದ, ತೂಕ, ಬರಹ, ದೊರೆತ ಸ್ಥಳ, ದುರಸ್ತಿ. ಪಂಚಮಹಾಶಬ್ದವನ್ನು ಪಡೆದವರ ಹೆಸರುಗಳು ಶಾಸನಗಳಲ್ಲಿ ನೂರಾರಿವೆ. ಆ ಶಬ್ದವನ್ನು ಹೊರಡಿಸಿದವರನ್ನು ಆ ಬಿರುದು ಹೇಳುವುದಿಲ್ಲ. ನನ್ನ ಪಟ್ಟಿಯಲ್ಲಿ ಒಂದು ಸಾಲನ್ನು ಹೆಚ್ಚಾಗಿ ಸೇರಿಸಿದೆ: ‘ಊದಿದವರು’. ಅದರ ಮುಂದೆ ಆ ಹಿರಿಯರ, ಅವರ ತಂದೆಯ, ಅಜ್ಜನ ಹೆಸರುಗಳನ್ನು ಅವರೇ ಹೇಳಿ ಬರೆಸಿದರು.